ದತ್ತು ಮಕ್ಕಳು ಮತ್ತು ಪ್ರಾಥಮಿಕ ಶಾಲೆಯ ತರಗತಿ

ದತ್ತು ಬಂದ ಮಕ್ಕಳು, ತಾಯಿಯೊಬ್ಬಳೇ ಸಾಕುತ್ತಿರುವ ಮಕ್ಕಳು, ಅಜ್ಜಿ ಅಥವಾ ಸೋದರಮಾವನ ಮನೆಯಲ್ಲಿ ಬೆಳೆಯುವವರು, ಬಾಲಮಂದಿರದಿಂದ ಶಾಲೆಗೆ ಬರುವವರು: ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಇಂಥ ಮಕ್ಕಳು ಹೊಸಬರಲ್ಲ. ಅವರ ಮನೆಯನ್ನು ಪಾಠ, ದಾಖಲೆ ಮತ್ತು ಮಾತುಕತೆ ಮೂರರಲ್ಲೂ ಪೂರ್ಣ ಮನೆಯೆಂದೇ ಕಾಣುವುದು ಶಾಲೆಯ ಹೊಣೆ.

ಕಾನೂನು ಈ ವಿಷಯದಲ್ಲಿ ಶಾಲೆಗಿಂತ ಮುಂದಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ದತ್ತ ಹೋಮ ಕಡ್ಡಾಯವಲ್ಲ. ಮಗುವನ್ನು ಕೊಡುವ, ತೆಗೆದುಕೊಳ್ಳುವ ಕ್ರಿಯೆ ನಡೆದರೆ ಸಾಕು. ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ದತ್ತು ಪಡೆಯುವ ಹಿಂದೂ ಕುಟುಂಬಗಳು ಈ ಕಾಯ್ದೆಯನ್ನು ಆಶ್ರಯಿಸಬಹುದು. 2015ರ ಬಾಲನ್ಯಾಯ ಕಾಯ್ದೆ ಯಾವ ಧರ್ಮದವರಿಗೂ ಅನ್ವಯಿಸುತ್ತದೆ. ಅದರ 63ನೆಯ ಸೆಕ್ಷನ್ನಿನಂತೆ, ದತ್ತು ಆದೇಶ ಬಂದ ದಿನದಿಂದ ಆ ಮಗು ಎಲ್ಲ ಅರ್ಥದಲ್ಲೂ ದತ್ತು ತಂದೆತಾಯಿಯ ಮಗು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮೇಲೆ ಈ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ಆದೇಶಕ್ಕೆ ಮೊದಲೇ, ದತ್ತು ಪೂರ್ವ ಪೋಷಕತ್ವದ ಅವಧಿಯಲ್ಲಿ, ಮಗು ಹೊಸ ಮನೆಗೆ ಬಂದಿರುತ್ತದೆ. ಆಗ ಕಾಗದಪತ್ರ ಪೂರ್ತಿ ಇರುವುದಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಶಾಲೆಯೂ ದಾಖಲಾತಿ ನಿರಾಕರಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೆಯ ಸೆಕ್ಷನ್. ಏಳೆಂಟು ವರ್ಷಕ್ಕೆ ದತ್ತು ಬಂದು, ಅಕ್ಷರವೇ ಕಲಿಯದಿದ್ದ ಮಗುವನ್ನೂ 4ನೆಯ ಸೆಕ್ಷನ್ನಿನಂತೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು.

ಊರಿನ ಶಾಲೆಗೂ ಪೇಟೆಯ ಶಾಲೆಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಂಥ ಹಳ್ಳಿಯಲ್ಲಿ ದತ್ತು ಗುಟ್ಟಾಗಿ ಉಳಿಯುವುದು ಕಷ್ಟ. ದೊಡ್ಡವರು ಕಟ್ಟೆಯ ಮೇಲೆ ಆಡಿದ್ದನ್ನು ಮಕ್ಕಳು ಮರುದಿನ ಆಟದ ಮೈದಾನದಲ್ಲಿ ಆಡುತ್ತಾರೆ. ಕೆಲವೊಮ್ಮೆ ಆ ಮಗುವಿಗೇ ಗೊತ್ತಿಲ್ಲದ ವಿಷಯ ಪಕ್ಕದ ಬೆಂಚಿನವನಿಗೆ ಗೊತ್ತಿರುತ್ತದೆ. ದಾವಣಗೆರೆ, ಹರಿಹರದಂಥ ನಗರಗಳಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ದಾಖಲಾತಿ ಅರ್ಜಿಯಿಂದಲೋ ಹೋಮ್‌ವರ್ಕಿನಿಂದಲೋ ಹೊರಬೀಳುತ್ತದೆ. ಹಳ್ಳಿಯಲ್ಲಿ ಶಿಕ್ಷಕರು ತಡೆಯಬೇಕಾದದ್ದು ಹೀಯಾಳಿಕೆಯನ್ನು, ನಗರದಲ್ಲಿ ಕಾಯಬೇಕಾದದ್ದು ಗೋಪ್ಯವನ್ನು. ‘ನಿನ್ನ ನಿಜವಾದ ಅಮ್ಮ ಎಲ್ಲಿ?’ ಎಂದು ಸಹಪಾಠಿ ಕೇಳಿದಾಗ, ಮನೆಯಲ್ಲಿ ಊಟ ಹಾಕಿ, ಜ್ವರ ಬಂದಾಗ ಪಕ್ಕದಲ್ಲಿ ಕೂರುವವಳೇ ಅವನಮ್ಮ ಎಂದು ಮಿಸ್ ಅಲ್ಲೇ, ಎಲ್ಲರೆದುರು, ಸಹಜ ದನಿಯಲ್ಲಿ ಹೇಳಬೇಕು. ಅದಕ್ಕಿಂತ ಹೆಚ್ಚಿನ ವಿವರ ಬೇಡ. ಆ ಕಥೆ ಮಗುವಿನದು. ಹೇಳುವುದೋ ಬಿಡುವುದೋ ಅದರ ಇಚ್ಛೆ.

ಮಗುವಿಗೆ ಹೆಚ್ಚು ನೋವು ಕೊಡುವುದು ಕೇಡೆಣಿಸದೆ ಕೊಟ್ಟ ಹೋಮ್‌ವರ್ಕ್. ಪರಿಸರ ಅಧ್ಯಯನದ ಕುಟುಂಬದ ಪಾಠ ಬಂದಾಗ ವಂಶವೃಕ್ಷ ಬರೆಯಿಸುತ್ತಾರೆ, ಹಸುಗೂಸಾಗಿದ್ದಾಗಿನ ಫೋಟೊ ತರಲು ಹೇಳುತ್ತಾರೆ, ಮೂಗು ಯಾರ ಹಾಗಿದೆ ಎಂದು ಕೇಳುತ್ತಾರೆ. ನಾಲ್ಕನೆಯ ವರ್ಷಕ್ಕೆ ಮನೆಗೆ ಬಂದ ಹುಡುಗಿಯ ಬಳಿ ತೊಟ್ಟಿಲ ಫೋಟೊ ಎಲ್ಲಿಂದ ಬರಬೇಕು? ‘ನಿನ್ನನ್ನು ನೋಡಿಕೊಳ್ಳುವವರು ಯಾರು, ಯಾರು ಏನು ಮಾಡುತ್ತಾರೆ’ ಎಂದು ಬರೆಯಿಸಿದರೆ ಪಾಠದ ಉದ್ದೇಶವೂ ಈಡೇರುತ್ತದೆ, ಯಾರೂ ಹೊರಗುಳಿಯುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ತಂದ ಮೂರನೆಯ ತರಗತಿಯ ಪುಸ್ತಕದಲ್ಲಿ ಬಗೆಬಗೆಯ ಕುಟುಂಬಗಳ ಪಾಠವೇ ಇತ್ತು. ಮದುವೆಯಾಗದ ಅಮ್ಮ ದತ್ತು ಪಡೆದ ತಾರಾ ಎಂಬ ಚೆನ್ನೈ ಹುಡುಗಿ ಅದರಲ್ಲಿ ಬರುತ್ತಾಳೆ.

ಕನ್ನಡದ ಶಿಕ್ಷಕರಿಗೆ ಉದಾಹರಣೆಗಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿಯ ಅಧಿಕಾರಿ ಥ್ಯಾಕರೆ ಒಪ್ಪದೆ ಹೋದದ್ದೇ 1824ರ ಕದನಕ್ಕೆ ಕಾರಣವಾಯಿತು. ಚೆನ್ನಮ್ಮ ಕತ್ತಿ ಹಿಡಿದದ್ದು ದತ್ತು ಮಗನ ಹಕ್ಕಿಗಾಗಿಯೂ ಹೌದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಪಡೆದ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯ ಮರಳಿ ಸಿಕ್ಕಿತು. ಅದೇ ಮನೆತನಕ್ಕೆ ಯದುವೀರ ಒಡೆಯರ್ 2015ರಲ್ಲಿ ದತ್ತು ಬಂದವರು. ಪಾಠ ಮಾಡುವಾಗ ದತ್ತಿನ ಈ ಅಂಶವನ್ನು ದಾಟಿಬಿಡದೆ ಒಂದು ಗಳಿಗೆ ನಿಂತು ಹೇಳಿದರೆ, ಬೆರಳು ತೋರಿಸದೆಯೇ ತರಗತಿಯ ಒಂದು ಮಗುವಿನ ಎದೆ ಹಗುರಾಗುತ್ತದೆ.

ದಾವಣಗೆರೆ ಸೀಮೆಯಲ್ಲಿ ಇನ್ನೊಂದು ಬಗೆಯ ಕುಟುಂಬವನ್ನು ಮರೆಯುವಂತಿಲ್ಲ. ಉಚ್ಚಂಗಿದುರ್ಗದ ಸುತ್ತಮುತ್ತ, ಅಂದರೆ 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿ ಸೀಮೆಯಲ್ಲಿ, ದೇವದಾಸಿ ಪದ್ಧತಿ ಬೇರೂರಿತ್ತು. 1982ರ ಕಾಯ್ದೆ ಅದನ್ನು ನಿಷೇಧಿಸಿದರೂ ಆ ತಾಯಂದಿರ ಮಕ್ಕಳನ್ನು ಶಾಲೆಯ ಅರ್ಜಿಯ ‘ತಂದೆಯ ಹೆಸರು’ ಎಂಬ ಕಾಲಂ ಕಾಡುತ್ತಲೇ ಬಂತು. ಅವಿವಾಹಿತ ತಾಯಿಯೊಬ್ಬರ ಮೊಕದ್ದಮೆಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ಮಗುವಿನ ಪಾಲಕಳಾಗಲು ತಾಯಿ ತಂದೆಯ ಹೆಸರು ಹೇಳಬೇಕಾಗಿಲ್ಲ ಎಂದು ತೀರ್ಪು ಕೊಟ್ಟಿದೆ. ಮೇಜಿನ ಮುಂದೆ ನಿಂತ ತಾಯಿಯನ್ನು ಆ ಕಾಲಮ್ಮಿನ ಬಗ್ಗೆ ಎರಡನೆಯ ಸಲ, ಅದೂ ಮಗುವಿನ ಎದುರು, ಕೇಳುವುದು ಕ್ರೌರ್ಯ.

ಮಗು ಬೇರೆ ಶಾಲೆಗೆ ಹೋಗುವಾಗ ಕೊಡುವ ಟಿ.ಸಿ.ಯಲ್ಲಾಗಲಿ ಹಾಜರಿ ಪುಸ್ತಕದಲ್ಲಾಗಲಿ ‘ದತ್ತು’ ಎಂದು ನಮೂದಿಸುವ ಅಗತ್ಯವಿಲ್ಲ. ಮಗು ಮುಂದೆ ಬಯಸಿದರೆ, ಹುಟ್ಟಿನ ಮೂಲ ತಿಳಿಯುವ ದಾರಿಯನ್ನು ದತ್ತು ನಿಯಮಾವಳಿಗಳೇ ತೆರೆದಿಟ್ಟಿವೆ: 18 ತುಂಬಿದವರು ತಾವೇ, ಅದಕ್ಕಿಂತ ಚಿಕ್ಕವರು ದತ್ತು ತಂದೆತಾಯಿಯೊಂದಿಗೆ ಸೇರಿ, ಸಂಬಂಧಪಟ್ಟ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಆ ಹುಡುಕಾಟದಲ್ಲಿ ಮೇಷ್ಟ್ರಿಗೆ ಪಾತ್ರವಿಲ್ಲ.