ಗಿರವಿಯ ಕಟ್ಟಳೆ: ಆಳಂದ, ಅಫಜಲಪುರ, ಜೇವರ್ಗಿ

ಒಡವೆಯನ್ನೋ ಪಾತ್ರೆಯನ್ನೋ ಒತ್ತೆಯಿಟ್ಟು ಹಣ ಪಡೆಯುವುದಕ್ಕೆ ಕಲಬುರಗಿ ಸೀಮೆಯಲ್ಲಿ ಗಿರವಿ ಎಂದು ಹೆಸರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತೊಗರಿ, ಜೋಳ ಬೆಳೆಯುವ ತಾಲ್ಲೂಕುಗಳು. ಇಲ್ಲಿನ ಬಹುಪಾಲು ಹೊಲ ಮಳೆಯನ್ನೇ ನಂಬಿದೆ. ಮುಂಗಾರಿನಲ್ಲಿ ಬೀಜ, ಗೊಬ್ಬರಕ್ಕೆ ಹಣ ಸಾಲದಾದಾಗ ಮನೆಯಾಕೆಯ ಪಾಟ್ಲಿ, ಬೋರಮಾಳ ಗಿರವಿ ಅಂಗಡಿ ಸೇರುತ್ತವೆ. ತೊಗರಿ ರಾಶಿಯಾದ ಮೇಲೆ ಅವನ್ನು ಬಿಡಿಸಿಕೊಳ್ಳಬೇಕು. ಬೆಳೆ ಕೈಕೊಟ್ಟರೆ ಒಡವೆಯೂ ಕೈಬಿಡುತ್ತದೆ. ಈ ವ್ಯವಹಾರಕ್ಕೆ ಕಟ್ಟಳೆ ಬೇಕೆಂಬುದು ಬಹು ಹಿಂದೆಯೇ ಕಂಡುಕೊಂಡ ಮಾತು.

ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದನು. ಕಲಬುರಗಿ ಜಿಲ್ಲೆಯ ಮರತೂರು ಆತನ ಊರೆಂಬುದು ಈ ಭಾಗದ ನಂಬಿಕೆ. ಒತ್ತೆಯಿರುವ ಸಾಲಕ್ಕೆ ತಿಂಗಳಿಗೆ ಅಸಲಿನ 80ನೆಯ ಒಂದು ಪಾಲು, ಅಂದರೆ ವರ್ಷಕ್ಕೆ ಶೇ 15 ಬಡ್ಡಿಯೆಂದು ಸ್ಮೃತಿ ಹೇಳುತ್ತದೆ. ಸಾಲ ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದರೆ ಒತ್ತೆ ಮುಳುಗುತ್ತದೆ. ಒಡೆಯನಲ್ಲದವನು ಮಾರಿದ ಮಾಲಿನ ವಿಷಯದಲ್ಲಿ ಸ್ಮೃತಿ ಇನ್ನೂ ಕಟುವಾಗಿದೆ: ಗುಟ್ಟಾಗಿ, ಅಗ್ಗದ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನೆಂದೇ ಎಣಿಸಬೇಕು, ಮಾಲು ಒಡೆಯನಿಗೆ ಮರಳಬೇಕು.

ಮುಂದೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. ಕಚೇರಿಯ ಭಾಷೆ ಉರ್ದು, ರೈತನ ಮಾತು ಕನ್ನಡ. ಕಾಗದದಲ್ಲಿ ಬರೆದದ್ದೇನೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವನಿಗೆ ಸಾವುಕಾರ ಹೇಳಿದ್ದೇ ಲೆಕ್ಕ. ಫಸಲಿ 1349ರಲ್ಲಿ (1939–40) ಸಂಸ್ಥಾನ ಲೇವಾದೇವಿಗಾರರ ಕಾನೂನು ತಂದಿತು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಮೂರೂ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು.

ಇಡೀ ರಾಜ್ಯಕ್ಕೆ ಒಂದೇ ನಿಯಮ ತಂದದ್ದು 1961ರ ಲೇವಾದೇವಿಗಾರರ ಕಾಯ್ದೆ ಮತ್ತು ಗಿರವಿದಾರರ ಕಾಯ್ದೆ. ಪರವಾನಗಿಯಿಲ್ಲದೆ ಗಿರವಿ ಅಂಗಡಿ ನಡೆಸುವಂತಿಲ್ಲ. ಲೆಕ್ಕದ ಪುಸ್ತಕ ಇಡಬೇಕು. ವಸ್ತು ಇಟ್ಟವರಿಗೆ ಚೀಟಿ ಕೊಡಬೇಕು. ಇವುಗಳ ಉಸ್ತುವಾರಿ ಸಹಕಾರ ಇಲಾಖೆಯದು. ಭದ್ರತೆಯಿರುವ ಸಾಲಕ್ಕೆ ವರ್ಷಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16 ಬಡ್ಡಿಯ ಮಿತಿಯನ್ನು ಸರ್ಕಾರ ಗೊತ್ತುಮಾಡಿದೆ. ಸಾವಿರಕ್ಕೆ ತಿಂಗಳಿಗೆ 50 ರೂಪಾಯಿ ಕೇಳಿದರೆ ಅದು ವರ್ಷಕ್ಕೆ ಶೇ 60 ಆಗುತ್ತದೆ. ಒತ್ತೆ ಸಾಲದ ಮಿತಿಯ ನಾಲ್ಕು ಪಟ್ಟಿಗೂ ಹೆಚ್ಚು. 1872ರ ಕರಾರು ಕಾಯ್ದೆಯ ಪ್ರಕಾರ ಒತ್ತೆಯ ವಸ್ತುವನ್ನು ಮಾರುವ ಮೊದಲು ನೋಟಿಸು ಕೊಡಬೇಕು. ಬಾಕಿ ಕಳೆದು ಉಳಿದ ಹಣ ವಸ್ತು ಇಟ್ಟವರದೇ.

ಒತ್ತೆಗೆ ಬಂದದ್ದು ಕಳವಿನ ಮಾಲಾದರೆ ಅದಕ್ಕೆ ದಂಡಸಂಹಿತೆಯೇ ಅನ್ವಯ. ಭಾರತೀಯ ದಂಡಸಂಹಿತೆ 1951ರಲ್ಲಿ ಹೈದರಾಬಾದಿಗೂ ವಿಸ್ತರಿಸಿತು. ಕದ್ದ ಮಾಲೆಂದು ತಿಳಿದೂ ಕೊಂಡವರಿಗೆ ಅದರ 411ನೆಯ ಕಲಮು 3 ವರ್ಷದವರೆಗೆ ಸೆರೆ ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲೂ ಅದೇ ಶಿಕ್ಷೆಯಿದೆ. ಗಿರವಿ ಅಂಗಡಿಯಾಗಲಿ, ಗುಜರಿ ಅಂಗಡಿಯಾಗಲಿ, ಇದರಿಂದ ಯಾರಿಗೂ ವಿನಾಯಿತಿಯಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಹೊರಡಿಸಿದ ಸುಗ್ರೀವಾಜ್ಞೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡವೆಂದು ಸಾರಿತು.

ಸ್ಮೃತಿಯ ಶೇ 15ಕ್ಕೂ ಇಂದಿನ ಶೇ 14ಕ್ಕೂ ಹೆಚ್ಚು ಅಂತರವಿಲ್ಲ. ಇಂದು ಪುರಾವೆ ಚೀಟಿಯೇ. ಬಂಗಾರ ಕೊಟ್ಟವರು ತೂಕ, ಮೊತ್ತ, ಬಡ್ಡಿ ಬರೆದ ಚೀಟಿ ಪಡೆಯದೆ ಅಂಗಡಿಯ ಮೆಟ್ಟಿಲು ಇಳಿಯಬಾರದು.