ನಾರು ಹುಳ, ಮೆಟ್ಟಿಲು ಬಾವಿ ಮತ್ತು ವಿ. ಎನ್. ಮೂರ್ತಿ

ರಾಜೂರ, ಗಜೇಂದ್ರಗಡ, ರೋಣದ ಕಡೆಯ ವಯಸ್ಸಾದವರನ್ನು ‘ನಾರು’ ಅಂದರೇನು ಎಂದು ಕೇಳಿ ನೋಡಿ. ಪುಂಡಿಯ ನಾರಿನ ಮಾತು ಹೇಳಿ ಅವರು ಸುಮ್ಮನಾಗುವುದಿಲ್ಲ. ಕೈ ತಾನಾಗಿಯೇ ಮೊಣಕಾಲಿನ ಕೆಳಗೆ ಹೋಗುತ್ತದೆ. ನಾರುಹುಣ್ಣು ಅಲ್ಲಿಂದಲೇ ಹೊರಬೀಳುತ್ತಿದ್ದದ್ದು. ಎರಡು ಮೂರು ಅಡಿ ಉದ್ದದ ಬಿಳಿ ಹುಳವನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು ಕೀವಾಗುತ್ತದೆ. ಇದಕ್ಕೆ ಔಷಧಿ ಅಂದೂ ಇರಲಿಲ್ಲ, ಇಂದಿಗೂ ಇಲ್ಲ.

ಈ ಹುಳದ ಬದುಕು ನಮ್ಮ ಪಾವಟಿಗಿ ಬಾವಿಗಳಿಗೆ ಅಳತೆ ತೆಗೆದು ಹೊಲಿದಂತಿದೆ. ಹುಣ್ಣು ಉರಿಯುತ್ತದೆಂದು ರೋಗಿ ನೀರಿಗೆ ಕಾಲಿಟ್ಟರೆ ಹೆಣ್ಣು ಹುಳ ಸಾವಿರಾರು ಮರಿಗಳನ್ನು ಚೆಲ್ಲುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ ನೀರಿನ ಸೂಕ್ಷ್ಮ ಜೀವಿ ನುಂಗುತ್ತದೆ. ಎರಡು ವಾರಗಳಲ್ಲಿ ಮರಿ ಅದರೊಳಗೆ ಬಲಿಯುತ್ತದೆ. ಆ ನೀರು ಕುಡಿದವನ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಮಾತ್ರ ಉಳಿದು ಒಳಗೆ ಇಳಿಯುತ್ತದೆ. ಸುಮಾರು ಒಂದು ವರ್ಷದ ನಂತರ ಅದೇ ಕಾಲು, ಅದೇ ಬಾವಿ. ಹಗ್ಗ ಬಿಟ್ಟು ಸೇದುವ ಬಾವಿಯಲ್ಲಿ ಕಾಲು ನೀರಿಗೆ ತಾಗುವುದಿಲ್ಲ. ಮೆಟ್ಟಿಲು ಇಳಿದು ಕೊಡ ಮುಳುಗಿಸುವ ಬಾವಿಯಲ್ಲಿ ತಾಗದೆ ಇರುವುದಿಲ್ಲ. ಲಕ್ಕುಂಡಿಯ ಬಾವಿಗಳ ಶಿಲ್ಪವನ್ನು ಹೊಗಳುವ ನಾವು ಇದನ್ನೂ ನೆನಪಿನಲ್ಲಿಡಬೇಕು.

ಹುಳಕ್ಕೂ ಸೈಕ್ಲಾಪ್ಸ್‌ಗೂ ಇರುವ ನಂಟನ್ನು ರಷ್ಯಾದ ಫೆಡ್ಚೆಂಕೊ ತುರ್ಕಿಸ್ತಾನದಲ್ಲಿ 1870ರ ಸುಮಾರಿಗೆ ಕಂಡಿದ್ದ. ಆದರೆ ನಮ್ಮ ಬಾವಿಗಳ ಮುಂದೆ ಕೂತು ಆ ಲೆಕ್ಕ ಮಾಡಿದವರು ಮೈಸೂರು ಸಂಸ್ಥಾನದ ಸಾರ್ವಜನಿಕ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿ. ಆಗ ರೋಣ ತಾಲೂಕು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು, ಚಿತ್ರದುರ್ಗ ಮೈಸೂರಿಗೆ. ಸರಕಾರಗಳು ಬೇರೆ, ಹುಳ ಒಂದೇ. ಚಿತ್ರದುರ್ಗ ಜಿಲ್ಲೆಯ ನಾರುಹುಣ್ಣಿನ ಬಗ್ಗೆ ಅವರ ಅಧ್ಯಯನ 1932ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಅಚ್ಚಾಯಿತು. ನಾಲ್ಕು ವರ್ಷದ ನಂತರ, ರಾಕ್‌ಫೆಲರ್ ಫೌಂಡೇಶನ್ನಿನ ಡಬ್ಲ್ಯು. ಸಿ. ಸ್ವೀಟ್ ಜೊತೆ ಬರೆದ ಲೇಖನದಲ್ಲಿ ಒಂದು ಸರಳ ಉಪಾಯವಿತ್ತು: ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಡುವುದು. ಇಂಥ ಮೀನು ನಮ್ಮ ಕೆರೆ ಹಳ್ಳಗಳದ್ದೇ, ಬಾರ್ಬಸ್ ಕುಲದ್ದು.

ನನಗೆ ಈ ಉಪಾಯ ಹಿಡಿಸುವುದು ಅದು ಅಗ್ಗ ಎಂಬುದಕ್ಕಲ್ಲ, ಬಾವಿಯನ್ನು ಬಾವಿಯಾಗಿಯೇ ಉಳಿಸುತ್ತದೆ ಎಂಬುದಕ್ಕೆ. ಜನರ ನಡೆಯನ್ನು ಬದಲಿಸುವ ಮೊದಲು ನೀರನ್ನು ಬದಲಿಸಿ ನೋಡೋಣ ಎಂಬ ಧೋರಣೆ ಅದರಲ್ಲಿದೆ. ಆದರೆ ಬಾವಿಯೆಂದರೆ ಬರೀ ನೀರಲ್ಲ. ಅದರ ಮೆಟ್ಟಿಲು ಇಳಿಯಲು ಎಲ್ಲ ಜಾತಿಯವರಿಗೂ ಬಿಡುತ್ತಿರಲಿಲ್ಲ. ಆ ಕಾಲದ ವಿಜ್ಞಾನದ ಪುಟಗಳಲ್ಲಿ ಹುಡುಕಿದರೆ ಸಿಗುವುದು ಸೈಕ್ಲಾಪ್ಸ್, ಆ ಮೆಟ್ಟಿಲಿನ ಜಗಳವಲ್ಲ.

ಮೂರ್ತಿ ಮೀನಿಗೆ ನಿಲ್ಲಲಿಲ್ಲ. ನಾಯಿಗಳಿಗೆ ಸೋಂಕು ತಗುಲಿಸಿ ಹುಳ ಬೆಳೆಯುವ ಬಗೆಯನ್ನು ನೋಡಿದರು. 1937ರಲ್ಲಿ ಹುಳದ ದೇಹರಚನೆಯನ್ನು ಹೊಸದಾಗಿ ವಿವರಿಸಿ ಬರೆದರು. 1938ರಲ್ಲಿ ಸೈಕ್ಲಾಪ್ಸ್‌ನೊಳಗೆ ಮರಿ ಬೆಳೆಯುವ ಹಂತಗಳನ್ನು. ಇವು ಪ್ರಕಟವಾದದ್ದು ಅಮೆರಿಕದ ಪತ್ರಿಕೆಗಳಲ್ಲಿ. ಚಿತ್ರದುರ್ಗದ ಬಾವಿಯ ನೀರು ಅಷ್ಟು ದೂರ ಹೋಯಿತು. ಆದರೆ ಕನ್ನಡದಲ್ಲಿ ಬರೆದ ವಿಜ್ಞಾನದ ಇತಿಹಾಸದಲ್ಲಿ ಈ ಹೆಸರು ನನ್ನ ಕಣ್ಣಿಗೆ ಬಿದ್ದಿಲ್ಲ.

ಮುಂದಿನದು ಬೇಗ ಹೇಳಿಬಿಡಬಹುದು. 1980ರ ದಶಕದ ರಾಷ್ಟ್ರೀಯ ಕಾರ್ಯಕ್ರಮದ ಆರಂಭದಲ್ಲಿ, 1984ರಲ್ಲಿ, ದೇಶದ 12,840 ಹಳ್ಳಿಗಳಲ್ಲಿ ಸುಮಾರು 40 ಸಾವಿರ ರೋಗಿಗಳು ಸಿಕ್ಕರು. ಕರ್ನಾಟಕವೂ ಆ ಏಳು ರಾಜ್ಯಗಳಲ್ಲೊಂದು. ಅರಿವೆಯಲ್ಲಿ ಸೋಸಿ ಕುಡಿಯಿರಿ ಎಂದರು, ಬಾವಿಗೆ ಟೆಮೆಫಾಸ್ ಹಾಕಿದರು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿಸಿದರು, ಕೈಪಂಪು ಕೂಡಿಸಿದರು. 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದಿತು.

ಆಫ್ರಿಕದಲ್ಲಿ ಮಾತ್ರ ಕತೆ ಮುಗಿದಿಲ್ಲ. 1986ರಲ್ಲಿ ಜಗತ್ತಿನಲ್ಲಿ 35 ಲಕ್ಷ ರೋಗಿಗಳಿದ್ದರೆಂಬ ಅಂದಾಜಿತ್ತು. 2022ರಲ್ಲಿ ಉಳಿದದ್ದು 13. ಆದರೆ 2012ರಿಂದ ಚಾಡ್ ದೇಶದ ನಾಯಿಗಳಲ್ಲಿ ಅದೇ ಹುಳ ಕಾಣಿಸಿಕೊಂಡಿತು, ವರ್ಷಕ್ಕೆ ನೂರಾರು ಲೆಕ್ಕದಲ್ಲಿ. ನಾಯಿಯ ಮೈಯಲ್ಲಿ ಈ ಹುಳ ಹೇಗೆ ಬೆಳೆಯುತ್ತದೆಂದು ಈಗ ಕೇಳುವವರು ಚಿತ್ರದುರ್ಗದ ಆ ಹಳೆಯ ಪುಟಗಳನ್ನು ಮತ್ತೆ ತೆರೆಯಬೇಕಾಗಿದೆ.