ತೆರೆಯ ಮೇಲಿನ ಬಂದೂಕು, ಕೈಯೊಳಗಿನ ಬಂದೂಕು

ಸಮಾಜದಲ್ಲಿ ಘೋರವಾದ ಹಿಂಸಾಕೃತ್ಯವೊಂದು ನಡೆದಾಗ ಅದರ ಕಾರಣವನ್ನು ಹುಡುಕುವುದು ಮನುಷ್ಯಸಹಜವಾದ ಪ್ರವೃತ್ತಿ. ಆ ಹುಡುಕಾಟವು ಯಾವ ಬಾಗಿಲನ್ನು ಮೊದಲು ತಟ್ಟುತ್ತದೆ, ಯಾವ ಬಾಗಿಲನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ ಎಂಬುದನ್ನು ಗಮನಿಸಿದರೆ ಆ ಸಮಾಜದ ನೈತಿಕ ಸ್ಥಿತಿಯೂ ತಿಳಿದುಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸುಮಾರು ಐದು ದಶಕಗಳಿಂದ ನಡೆದುಬಂದಿರುವ ಒಂದು ವಿವಾದ ಇದಕ್ಕೆ ತಕ್ಕ ನಿದರ್ಶನ. ಮಕ್ಕಳು ಆಡುವ ಹಿಂಸಾಪ್ರಧಾನ ವಿಡಿಯೋ ಆಟಗಳು ಸಮಾಜವನ್ನು ಕೆಡಿಸುತ್ತಿವೆಯೇ, ಅಥವಾ ಸುಲಭವಾಗಿ ಕೊಳ್ಳಲು ಸಿಗುವ ಬಂದೂಕುಗಳು ಕೆಡಿಸುತ್ತಿವೆಯೇ ಎಂಬುದೇ ಆ ವಿವಾದ. ಪ್ರಶ್ನೆಯನ್ನು ಹೀಗೆ ‘ಇದೋ ಅದೋ’ ಎಂದು ಇಟ್ಟದ್ದರಿಂದ ಎರಡು ಬೇರೆ ಬೇರೆ ಲೆಕ್ಕಗಳು ಹೇಗೆ ಒಂದರೊಳಗೊಂದು ಕಲಸಿಹೋದವು ಎಂಬುದನ್ನು ಇತಿಹಾಸದ ಆಧಾರದಿಂದ ನಿರೂಪಿಸುವುದು ಈ ಲೇಖನದ ಉದ್ದೇಶ.

ಚಿತ್ರವನ್ನು ದೂಷಿಸುವ ಪರಂಪರೆ ವಿಡಿಯೋ ಆಟಗಳಿಗಿಂತ ಹಳೆಯದು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್ ಪುಸ್ತಕಗಳೇ ಬಾಲಾಪರಾಧಕ್ಕೆ ಕಾರಣವೆಂದು ಪ್ರತಿಪಾದಿಸುವ ಗ್ರಂಥವೊಂದನ್ನು ಪ್ರಕಟಿಸಿದರು. ಅದೇ ವರ್ಷ ಸೆನೆಟ್‌ನ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಭಯಗೊಂಡು ತಮ್ಮ ಮೇಲೆ ತಾವೇ ಒಂದು ನಿಯಮಾವಳಿಯನ್ನು ಹೇರಿಕೊಂಡರು. ವರ್ಥಮ್ ಸಾಮಾನ್ಯ ವ್ಯಕ್ತಿಯಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪುಜನರಿಗಾಗಿ ಅತ್ಯಲ್ಪ ಶುಲ್ಕದ ಮಾನಸಿಕ ಚಿಕಿತ್ಸಾಲಯವನ್ನು 1946ರಲ್ಲಿ ತೆರೆದ ದಯಾಳು. ಆದರೂ ಅವರ ಕಾಗದಪತ್ರಗಳು ಸಂಶೋಧಕರಿಗೆ ದೊರೆತ ಮೇಲೆ, ಅವರು ಮಕ್ಕಳ ಹೇಳಿಕೆಗಳನ್ನು ತಿದ್ದಿ, ಕೂಡಿಸಿ, ಕೆಲವನ್ನು ಬಿಟ್ಟು ತಮ್ಮ ವಾದಕ್ಕೆ ಹೊಂದಿಸಿಕೊಂಡಿದ್ದರೆಂಬುದು 2012ರಲ್ಲಿ ಪ್ರಕಟವಾಯಿತು. ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಸುಳ್ಳು ಲೆಕ್ಕ ಸುಳ್ಳೇ ಎಂಬ ಪಾಠವನ್ನು ಈ ಪ್ರಸಂಗ ಕಲಿಸುತ್ತದೆ.

ವಿಡಿಯೋ ಆಟಗಳ ಮೇಲಿನ ಮೊದಲ ದೊಡ್ಡ ಪ್ರತಿಭಟನೆ 1976ರದು. ‘ಡೆತ್ ರೇಸ್’ ಎಂಬ ಆಟದಲ್ಲಿ ಆಟಗಾರನು ಕಾರನ್ನು ಓಡಿಸಿ ಮನುಷ್ಯಾಕೃತಿಯ ಪಿಶಾಚಿಗಳನ್ನು ಕೆಡಹಬೇಕಾಗಿತ್ತು. ಚಿತ್ರಗಳು ಕಡ್ಡಿಗೆರೆಗಳಂತಿದ್ದರೂ ಸಾರ್ವಜನಿಕರ ಆಕ್ರೋಶ ದೊಡ್ಡದಾಗಿತ್ತು. 1992ರಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಆಟದಲ್ಲಿ ರಕ್ತವೂ ಶಿರಚ್ಛೇದವೂ ಸ್ಪಷ್ಟವಾಗಿಯೇ ಕಾಣತೊಡಗಿದವು. 1993ರಲ್ಲಿ ಅದು ಮನೆಯ ದೂರದರ್ಶನದ ತೆರೆಗೂ ಬಂದಾಗ ಪಾಲಕರು ಬೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

1993ನೆಯ ಇಸವಿಯ ಕೊನೆಯ ದಿನಗಳನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಆ ವರ್ಷ ನವೆಂಬರ್ 30ರಂದು ಅಧ್ಯಕ್ಷ ಕ್ಲಿಂಟನ್ ಅವರು ಬ್ರೇಡಿ ಕಾನೂನಿಗೆ ಸಹಿ ಹಾಕಿದರು. 1981ರಲ್ಲಿ ಅಧ್ಯಕ್ಷ ರೇಗನ್ ಅವರ ಮೇಲೆ ನಡೆದ ಗುಂಡಿನ ದಾಳಿಯಲ್ಲಿ ತಲೆಗೆ ಪೆಟ್ಟು ಬಿದ್ದು ಅಂಗವಿಕಲರಾದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ಹೆಸರನ್ನು ಅದು ಹೊತ್ತಿತ್ತು. ಪರವಾನಿಗೆ ಪಡೆದ ವ್ಯಾಪಾರಿಯಿಂದ ಕೈಬಂದೂಕು ಕೊಳ್ಳುವವನ ಪೂರ್ವಚರಿತ್ರೆಯನ್ನು ಪರಿಶೀಲಿಸಬೇಕು, ಅದಕ್ಕಾಗಿ ಐದು ದಿನ ಕಾಯಬೇಕು ಎಂಬುದು ಅದರ ಸಾರ. ಆದರೆ ಪರವಾನಿಗೆ ಇಲ್ಲದ ಖಾಸಗಿ ಮಾರಾಟಗಾರನಿಗೆ ಈ ಕಟ್ಟಳೆ ಅನ್ವಯಿಸಲಿಲ್ಲ. ಒಂಬತ್ತು ದಿನಗಳ ಅನಂತರ, ಡಿಸೆಂಬರ್ 9ರಂದು, ಸೆನೆಟರ್‌ಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಅವರ ನೇತೃತ್ವದಲ್ಲಿ ವಿಡಿಯೋ ಆಟಗಳ ವಿಚಾರಣೆ ಆರಂಭವಾಯಿತು. ಒಂದೇ ಋತುವಿನಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ಸಂಸತ್ತು ಕೈಗೆತ್ತಿಕೊಂಡಿತು. ಅಂದಿನಿಂದ ಇವೆರಡೂ ಯಾವ ಯಾವ ಹಾದಿ ಹಿಡಿದವು ಎಂಬುದೇ ನಮ್ಮ ಕಥೆಯ ಮುಖ್ಯ ಭಾಗ.

ಆಟದ ಉದ್ಯಮಿಗಳು 1994ರಲ್ಲಿ ಒಂದು ಮಂಡಳಿಯನ್ನು ಸ್ಥಾಪಿಸಿ, ಪ್ರತಿಯೊಂದು ಆಟದ ಪೆಟ್ಟಿಗೆಯ ಮೇಲೂ ಅದು ಯಾವ ವಯಸ್ಸಿನವರಿಗೆ ಯೋಗ್ಯವೆಂದು ಮುದ್ರಿಸತೊಡಗಿದರು. ಮೊದಮೊದಲು ಈ ಮುದ್ರೆ ಹೆಸರಿಗಷ್ಟೇ ಇತ್ತು. ಫೆಡರಲ್ ಟ್ರೇಡ್ ಕಮಿಷನ್ 2000ದಲ್ಲಿ ಬಾಲಗ್ರಾಹಕರನ್ನು ಗುಟ್ಟಾಗಿ ಅಂಗಡಿಗಳಿಗೆ ಕಳುಹಿಸಿ ಪರೀಕ್ಷಿಸಿದಾಗ, ಪ್ರಾಯದವರಿಗೆಂದು ಮುದ್ರೆಯಿದ್ದ ಆಟವನ್ನು ನೂರಕ್ಕೆ 85 ಮಂದಿ ಕೊಂಡು ತಂದರು. 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಸಂಖ್ಯೆ 13ಕ್ಕೆ ಇಳಿದಿತ್ತು. ಕಾನೂನಿನ ದಂಡನೆ ಇಲ್ಲದೆಯೇ ವ್ಯಾಪಾರಿಗಳು ಇಷ್ಟು ಸುಧಾರಿಸಿದರೆಂಬುದು ಗಮನಾರ್ಹ.

ಬಂದೂಕಿನ ಹಾದಿ ಬೇರೆಯಾಯಿತು. 1993ರಲ್ಲಿ ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಬಂದೂಕು ಇರುವ ಮನೆಯಲ್ಲಿ ಕೊಲೆ ಸಂಭವಿಸುವ ಅಪಾಯ ಸುಮಾರು 2.7 ಪಟ್ಟು ಹೆಚ್ಚೆಂದು ತಿಳಿಸಿತು. ಆ ಅಧ್ಯಯನಕ್ಕೆ ಸರಕಾರದ ರೋಗನಿಯಂತ್ರಣ ಕೇಂದ್ರದ ನೆರವಿತ್ತು. 1996ರಲ್ಲಿ ಸಂಸತ್ತು, ಆ ಕೇಂದ್ರದ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಕೂಡದೆಂದು ವಿಧಿಸಿತು. ಜೊತೆಗೆ ಬಂದೂಕಿನ ಗಾಯಗಳ ಸಂಶೋಧನೆಗೆ ವೆಚ್ಚವಾಗುತ್ತಿದ್ದ 26 ಲಕ್ಷ ಡಾಲರನ್ನು ಅದರ ಆಯವ್ಯಯದಿಂದ ಕಡಿತಗೊಳಿಸಿತು. ಸಂಶೋಧನೆಯನ್ನು ನೇರವಾಗಿ ನಿಷೇಧಿಸದಿದ್ದರೂ ಅಧಿಕಾರಿಗಳು ಹೆದರಿ ಆ ವಿಷಯವನ್ನೇ ಕೈಬಿಟ್ಟರು. ಈ ತಿದ್ದುಪಡಿಯನ್ನು ತಂದವರು ಆರ್ಕನ್‌ಸಾದ ಪ್ರತಿನಿಧಿ ಜೇ ಡಿಕಿ. ಹದಿನಾರು ವರ್ಷಗಳ ಬಳಿಕ, 2012ರಲ್ಲಿ, ಅದೇ ಡಿಕಿ ಅವರು ತಮ್ಮ ಅಂದಿನ ಪ್ರತಿಪಕ್ಷಿಯಾಗಿದ್ದ ವಿಜ್ಞಾನಿ ಮಾರ್ಕ್ ರೋಸೆನ್‌ಬರ್ಗ್ ಅವರೊಡನೆ ಸೇರಿ, ಸಂಶೋಧನೆ ಮತ್ತೆ ನಡೆಯಬೇಕೆಂದು ಬಹಿರಂಗವಾಗಿ ಬರೆದರು. ಹಣ ಮತ್ತೆ ದೊರೆತದ್ದು 2019ರ ಡಿಸೆಂಬರಿನಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಒಂದು ರಾಷ್ಟ್ರ ತನ್ನ ಗಾಯವನ್ನು ತಾನೇ ಅಳೆಯದೆ ಉಳಿಯಿತು.

ಈ ನಡುವೆ ಆಟಗಳ ಮೇಲೆ ಅಧ್ಯಯನಗಳು ಅವ್ಯಾಹತವಾಗಿ ನಡೆದವು. ಅವುಗಳ ಫಲವನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. 2018ರಲ್ಲಿ 24 ಅಧ್ಯಯನಗಳನ್ನೂ 17,000ಕ್ಕೂ ಹೆಚ್ಚು ಬಾಲಕ ಬಾಲಕಿಯರನ್ನೂ ಒಳಗೊಂಡ ಸಮಗ್ರ ವಿಶ್ಲೇಷಣೆಯೊಂದು, ಇಂತಹ ಆಟಗಳಿಂದ ಹೊಡೆದಾಟದ ಪ್ರವೃತ್ತಿ ತುಸು ಹೆಚ್ಚುತ್ತದೆಂದು ಕಂಡಿತು. 2019ರಲ್ಲಿ ಆಕ್ಸ್‌ಫರ್ಡ್‌ನ ವಿದ್ವಾಂಸರು ಬ್ರಿಟನ್ನಿನ ಸುಮಾರು ಒಂದು ಸಾವಿರ ಹದಿಹರೆಯದವರನ್ನು ಪರೀಕ್ಷಿಸಿ ಅಂತಹ ಸಂಬಂಧ ಕಾಣುವುದಿಲ್ಲವೆಂದರು. ಅಮೆರಿಕದ ಮನೋವಿಜ್ಞಾನ ಸಂಘವು ಒರಟುತನದೊಡನೆ ಅಲ್ಪ ಸಂಬಂಧವಿದೆಯೆಂದು ಹೇಳುತ್ತಲೇ, ಕೊಲೆಯಂತಹ ಅಪರಾಧಗಳನ್ನು ಆಟಗಳಿಗೆ ಆರೋಪಿಸುವುದಕ್ಕೆ ಆಧಾರ ಸಾಲದೆಂದು 2020ರಲ್ಲಿ ಪುನಃ ಸ್ಪಷ್ಟಪಡಿಸಿತು. ಬಾಲಕನು ಆಟದ ಬಳಿಕ ತಮ್ಮನನ್ನು ದಬ್ಬಿಯಾನು. ಅದು ತಂದೆತಾಯಿಗಳು ತಿದ್ದಬೇಕಾದ ನಡತೆ. ಅದರಿಂದ ನರಮೇಧಕ್ಕೆ ಸೇತುವೆ ಕಟ್ಟಲು ವಿಜ್ಞಾನ ಒಪ್ಪುವುದಿಲ್ಲ.

ದೇಶಗಳನ್ನು ಹೋಲಿಸಿದರೂ ಇದೇ ಕಾಣುತ್ತದೆ. ಜಪಾನು ವಿಡಿಯೋ ಆಟಗಳ ತವರು. ಅಮೆರಿಕದ ಮಕ್ಕಳು ಆಡುವ ಅನೇಕ ಕಾದಾಟದ ಆಟಗಳು ಅಲ್ಲಿಯೇ ಹುಟ್ಟಿದವು. ಆದರೆ 1958ರ ಕಾನೂನಿನಂತೆ ಅಲ್ಲಿ ಸಾಮಾನ್ಯ ಪ್ರಜೆ ಕೈಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಲ್ಲಿ ವರ್ಷವೊಂದಕ್ಕೆ ಗುಂಡಿನಿಂದ ಕೊಲೆಯಾಗುವವರ ಸಂಖ್ಯೆ ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ಅಮೆರಿಕದಲ್ಲಿ 2021ರಲ್ಲಿ ಗುಂಡಿನಿಂದ ಸತ್ತವರು 48,830. ಅವರಲ್ಲಿ ಕೊಲೆಯಾದವರು 20,958; ಆತ್ಮಹತ್ಯೆ ಮಾಡಿಕೊಂಡವರು 26,328. ಆಟಗಳನ್ನು ದೂಷಿಸುವ ಭಾಷಣಗಳಲ್ಲಿ ಈ ಎರಡನೆಯ ಸಂಖ್ಯೆ ಎಲ್ಲಿಯೂ ಕೇಳಿಬರುವುದಿಲ್ಲ. ಬಂದೂಕಿನಿಂದ ಆತ್ಮಹತ್ಯೆಗೆ ಯತ್ನಿಸಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬದುಕುವುದಿಲ್ಲ. ಇತರ ಅನೇಕ ಮಾರ್ಗಗಳಲ್ಲಿ ಬಹುಮಂದಿ ಉಳಿಯುತ್ತಾರೆ, ಮತ್ತು ಉಳಿದವರಲ್ಲಿ ಹೆಚ್ಚಿನವರು ಮರಳಿ ಆ ದಾರಿ ಹಿಡಿಯುವುದಿಲ್ಲ. ‘ಬಂದೂಕು ಕೊಲ್ಲುವುದಿಲ್ಲ, ಮನುಷ್ಯ ಕೊಲ್ಲುತ್ತಾನೆ’ ಎಂಬ ಪ್ರಸಿದ್ಧ ವಾದಕ್ಕೆ ಉತ್ತರ ಇಲ್ಲಿಯೇ ಇದೆ. ಕೋಪ, ನಿರಾಶೆ, ದ್ವೇಷಗಳು ಎಲ್ಲ ದೇಶದ ಮನುಷ್ಯರಿಗೂ ಸಮಾನ. ಆ ಕ್ಷಣ ಕಳೆದು ಪಶ್ಚಾತ್ತಾಪ ಹುಟ್ಟುವವರೆಗೆ ಕಾಯುವ ಅವಕಾಶವನ್ನು ಕೆಲವು ಸಾಧನಗಳು ಕೊಡುತ್ತವೆ, ಬಂದೂಕು ಕೊಡುವುದಿಲ್ಲ.

ಆದರೂ ದುರಂತಗಳ ಬಳಿಕ ಬೆರಳು ಆಟಗಳ ಕಡೆಗೇ ತಿರುಗಿತು. 1999ರ ಏಪ್ರಿಲ್ 20ರಂದು ಕೊಲೊರಾಡೋದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಮಂದಿ ಸಹಪಾಠಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಕೊಂದರು. ಅವರು ‘ಡೂಮ್’ ಎಂಬ ಆಟವನ್ನು ಆಡುತ್ತಿದ್ದರೆಂಬ ಸಂಗತಿ ಜಗತ್ತಿಗೆಲ್ಲ ತಿಳಿಯಿತು. ಅವರ ನಾಲ್ಕು ಬಂದೂಕುಗಳಲ್ಲಿ ಮೂರು, ಬ್ರೇಡಿ ಕಾನೂನು ತೆರೆದಿಟ್ಟಿದ್ದ ಅದೇ ಕಂಡಿಯಿಂದ, ಅಂದರೆ ಬಂದೂಕು ಮೇಳದ ಖಾಸಗಿ ಮಾರಾಟಗಾರರಿಂದ ಯಾವ ಪರಿಶೀಲನೆಯೂ ಇಲ್ಲದೆ ಬಂದವೆಂಬುದು ಅಷ್ಟಾಗಿ ತಿಳಿಯಲಿಲ್ಲ. ಕೊಲೊರಾಡೋದ ಮತದಾರರು ಮಾತ್ರ ಅದನ್ನು ಅರಿತು, 2000ದ ನವೆಂಬರಿನಲ್ಲಿ ಸುಮಾರು ನೂರಕ್ಕೆ 70ರ ಬಹುಮತದಿಂದ ತಮ್ಮ ರಾಜ್ಯದಲ್ಲಿ ಆ ಕಂಡಿಯನ್ನು ಮುಚ್ಚಿದರು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಎಳೆಯ ಮಕ್ಕಳೂ ಆರು ಮಂದಿ ಹಿರಿಯರೂ ಹತರಾದರು. ಒಂದು ವಾರದ ಬಳಿಕ ರಾಷ್ಟ್ರೀಯ ರೈಫಲ್ ಸಂಘದ ಮುಖ್ಯಸ್ಥ ವೇನ್ ಲಾಪಿಯೆರ್ ವಿಡಿಯೋ ಆಟಗಳ ಉದ್ಯಮವನ್ನು ಕಟುವಾಗಿ ದೂಷಿಸಿದರು. ಖಾಸಗಿ ಮಾರಾಟಕ್ಕೂ ಪರಿಶೀಲನೆಯನ್ನು ವಿಸ್ತರಿಸುವ ಪ್ರಸ್ತಾವ 2013ರ ಏಪ್ರಿಲಿನಲ್ಲಿ ಸೆನೆಟ್‌ನಲ್ಲಿ ಬಿದ್ದುಹೋಯಿತು.

ವ್ಯಾಪಾರವೃತ್ತಿಯವರಾದ ನಮ್ಮಂತಹವರು ಈ ಇತಿಹಾಸದಲ್ಲಿ ಅಂಗಡಿಯ ಪಾತ್ರವನ್ನು ವಿಶೇಷವಾಗಿ ಪರಿಶೀಲಿಸಬೇಕು. ಆ ದೇಶದ 1972ರ ಗ್ರಾಹಕ ಸುರಕ್ಷತಾ ಕಾನೂನಿನಂತೆ ಮಕ್ಕಳ ಆಟಿಕೆಯ ಪಿಸ್ತೂಲು ಸುರಕ್ಷಿತವೇ ಎಂದು ಪರೀಕ್ಷಿಸುವ ಅಧಿಕಾರ ಸರಕಾರಿ ಆಯೋಗಕ್ಕಿದೆ, ನಿಜವಾದ ಪಿಸ್ತೂಲನ್ನು ಪರೀಕ್ಷಿಸುವ ಅಧಿಕಾರವಿಲ್ಲ. 2005ರಲ್ಲಿ ಮತ್ತೊಂದು ಕಾನೂನು, ಅಪರಾಧಿಗಳು ಬಂದೂಕನ್ನು ದುರ್ಬಳಕೆ ಮಾಡಿದರೆ ಅದನ್ನು ತಯಾರಿಸಿದವರ ಮತ್ತು ಮಾರಿದವರ ಮೇಲೆ ಪರಿಹಾರದ ದಾವೆ ಹೂಡದಂತೆ, ಕೆಲವು ಅಪವಾದಗಳನ್ನು ಬಿಟ್ಟು, ರಕ್ಷಣೆ ನೀಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯವು ಹಿಂಸಾಪ್ರಧಾನ ಆಟಗಳನ್ನು ಕಿರಿಯರಿಗೆ ಮಾರಕೂಡದೆಂದು ಶಾಸನ ಮಾಡಿತು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಪಡಿಸಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ. ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ಪ್ರಜೆಯ ಹಕ್ಕೆಂದು 2008ರಲ್ಲಿ ತೀರ್ಪು ಬರೆದವರೂ ಅವರೇ. ಆದರೆ ಬಂದೂಕಿನ ಮಾರಾಟಕ್ಕೆ ಷರತ್ತುಗಳನ್ನು ವಿಧಿಸುವುದನ್ನು ಈ ಹಕ್ಕು ತಡೆಯುವುದಿಲ್ಲವೆಂದು ಅದೇ ತೀರ್ಪಿನಲ್ಲಿ ಹೇಳಲಾಗಿದೆ. ಅಂದರೆ ಬಾಗಿಲು ಮುಚ್ಚಿದ್ದು ನ್ಯಾಯಾಲಯವಲ್ಲ. ತೆರೆದ ಬಾಗಿಲಿನೊಳಗೆ ಹೋಗಲು ಶಾಸಕರಿಗೆ ಮನಸ್ಸಿರಲಿಲ್ಲ.

2019ರ ಆಗಸ್ಟ್ 3ರಂದು ಟೆಕ್ಸಾಸಿನ ಎಲ್ ಪಾಸೋ ನಗರದ ವಾಲ್‌ಮಾರ್ಟ್ ಮಳಿಗೆಯಲ್ಲಿ ನಡೆದ ಗುಂಡಿನ ದಾಳಿಗೆ 23 ಮಂದಿ ಬಲಿಯಾದರು. ಕೆಲವೇ ದಿನಗಳಲ್ಲಿ ಆ ಸಂಸ್ಥೆ ತನ್ನ ಮಳಿಗೆಗಳಲ್ಲಿ ಹಿಂಸಾತ್ಮಕ ಆಟಗಳ ಪ್ರದರ್ಶನ ಫಲಕಗಳನ್ನು ತೆಗೆಸಿತು. ಬಂದೂಕಿನ ಮಾರಾಟ ಮುಂದುವರಿಯಿತು. ಟೀಕೆಗಳು ಬಂದವು. ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 3ರಂದು, ಕೈಬಂದೂಕಿನ ಗುಂಡುಗಳ ಮಾರಾಟವನ್ನು ನಿಲ್ಲಿಸುವುದಾಗಿ ಅದೇ ಸಂಸ್ಥೆ ಘೋಷಿಸಿತು. ಮೊದಲು ಚಿತ್ರವನ್ನು ಮರೆಮಾಡಿ, ಆಮೇಲೆ ಸರಕಿನ ಕಡೆಗೆ ಕಣ್ಣು ತೆರೆದ ಈ ಒಂದು ತಿಂಗಳಿನಲ್ಲಿ ಐವತ್ತು ವರ್ಷಗಳ ವಿವಾದ ಅಡಕವಾಗಿದೆ. ತಡವಾದರೂ ವ್ಯಾಪಾರಿ ತನ್ನ ಗಲ್ಲಾಪೆಟ್ಟಿಗೆಯ ನಷ್ಟವನ್ನು ಒಪ್ಪಿಕೊಂಡದ್ದು ಪ್ರಶಂಸನೀಯವೇ.

ನಮ್ಮ ಪೂರ್ವಾಚಾರ್ಯರು ಈ ವಿಷಯದಲ್ಲಿ ತೋರಿದ ಸೂಕ್ಷ್ಮತೆ ಇಲ್ಲಿ ಸ್ಮರಣೀಯ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಅನರ್ಥದಂಡಗಳನ್ನು ಐದಾಗಿ ವಿಂಗಡಿಸುತ್ತದೆ. ಕತ್ತಿ, ಕೊಡಲಿ ಮುಂತಾದ ಘಾತಕ ಸಾಧನಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳಿಗೆ ಕಿವಿಗೊಡುವುದು ದುಃಶ್ರುತಿ. ಎರಡೂ ದೋಷಗಳೇ. ಆದರೆ ಒಂದನ್ನು ಇನ್ನೊಂದರಲ್ಲಿ ಸೇರಿಸಲಿಲ್ಲ; ದುಃಶ್ರುತಿಯನ್ನು ತ್ಯಜಿಸಿದವನಿಗೆ ಹಿಂಸಾದಾನದಿಂದ ವಿನಾಯಿತಿ ಕೊಡಲಿಲ್ಲ.

ಈ ವಿವೇಚನೆಯಿಂದ ನೋಡಿದರೆ ವಿಡಿಯೋ ಆಟವೂ ಸಂಪೂರ್ಣವಾಗಿ ನಿರ್ದೋಷಿಯಾಗುವುದಿಲ್ಲ. ಕೊಲ್ಲುವುದರಲ್ಲಿ ವಿನೋದವನ್ನು ಕಾಣುವ ಅಭ್ಯಾಸ ಎಳೆಯ ಮನಸ್ಸಿಗೆ ಹಿತವಲ್ಲವೆಂದು ಹೇಳಲು ಅಪರಾಧದ ಅಂಕಿ ಅಂಶಗಳೇ ಬೇಕಾಗಿಲ್ಲ. ಆದರೆ ಆ ಲೆಕ್ಕ ಮನೆಯೊಳಗಿನದು. ತಂದೆತಾಯಿಗಳೂ ಗುರುಗಳೂ ಮಕ್ಕಳ ಪಕ್ಕದಲ್ಲಿ ಕುಳಿತು ತೀರಿಸಬೇಕಾದದ್ದು. ಬಂದೂಕಿನ ಲೆಕ್ಕವಾದರೋ ಸ್ಮಶಾನದಲ್ಲಿ ಎಣಿಸಬಹುದಾದದ್ದು. ಶಾಸಕನೂ ತಯಾರಕನೂ ಮಾರಾಟಗಾರನೂ ಉತ್ತರ ಹೇಳಬೇಕಾದದ್ದು. ಒಂದು ಖಾತೆಯ ಸಾಲವನ್ನು ಇನ್ನೊಂದು ಖಾತೆಗೆ ಬರೆದರೆ ಪುಸ್ತಕ ಸರಿದೂಗಿದಂತೆ ತೋರೀತು. ಸಾಲ ಮಾತ್ರ ತೀರುವುದಿಲ್ಲ. ಅಮೆರಿಕದಲ್ಲಿ ಆ ಸಾಲಕ್ಕೆ ಇಂದಿಗೂ ಮಕ್ಕಳ ಪ್ರಾಣವೇ ಬಡ್ಡಿಯಾಗಿ ಸಲ್ಲುತ್ತಿದೆ.